ಐವತ್ತು ರೂಪಾಯಿಯ ಎಣ್ಣೆ, ಮೂವತ್ತೆಂಟು ಸಾವಿರದ ಕಿಟ್ಟು

ಕಚ್ಚಾದಾರಿಯ ಬೈಕಿನ ಮುಂಭಾಗದ ಸಸ್ಪೆನ್ಷನ್ನಿಗೆ, ಅಂದರೆ ಗ್ಯಾರೇಜುಗಳಲ್ಲಿ ‘ಮುಂದಿನ ಶಾಕ್ಸ್’ ಎಂದೇ ಹೆಸರಾಗಿರುವ ಫೋರ್ಕ್ ಜೋಡಿಗೆ, ಸವಾರರು ಹಣ ಹಾಕುವ ಕ್ರಮ ಬಹುಪಾಲು ತಲೆಕೆಳಗಾಗಿರುತ್ತದೆ. ಎಲ್ಲಕ್ಕಿಂತ ದುಬಾರಿಯಾದ ಕಿಟ್ಟನ್ನು ಮೊದಲು ಕೊಂಡು, ಎಲ್ಲಕ್ಕಿಂತ ಅಗ್ಗವಾದ ಎಣ್ಣೆಯನ್ನು ಸೀಲು ಸೋರುವವರೆಗೂ ಮುಟ್ಟದೆ ಇರುವುದು ವಾಡಿಕೆ. ಹೀರೋ ಸಂಸ್ಥೆ ಎಕ್ಸ್‌ಪಲ್ಸ್ 200 ಬೈಕಿಗೆ 2020ರಲ್ಲಿ ತಂದ ರ‍್ಯಾಲಿ ಕಿಟ್ಟಿನ ಬೆಲೆ 38,000 ರೂಪಾಯಿ ಇತ್ತು. ಮುಂದಿನ ಚಕ್ರದ ಚಲನೆಯನ್ನು 190 ಮಿಲಿಮೀಟರಿನಿಂದ 250ಕ್ಕೆ ಏರಿಸುವ ಆ ಕಿಟ್ಟು ಸ್ಪರ್ಧಿಗಳಿಗೆ ಬೇಕಾದ ಸಾಧನವೇ ಹೌದಾದರೂ, ಮಾಗಡಿ ಸುತ್ತಿನ ಹಾಸುಬಂಡೆ, ಕನಕಪುರದ ಕಡೆಯ ಮೊರಂ ದಾರಿ, ಚನ್ನಪಟ್ಟಣದ ಕೆರೆ ಏರಿಗಳಲ್ಲಿ ವಾರಾಂತ್ಯಕ್ಕೆ ಓಡಾಡುವ ಗಾಡಿಯ ತೊಂದರೆಗಳು ಅದರ ಹತ್ತರಲ್ಲೊಂದು ಭಾಗವನ್ನೂ ಬೇಡದೆ ತೀರುತ್ತವೆ ಎಂಬುದು ಈ ಅಂಕಣಕಾರರ ಸ್ವಂತ ಎಕ್ಸ್‌ಪಲ್ಸಿನ ಖರ್ಚಿನ ಪುಸ್ತಕ ಹೇಳುವ ಮಾತು.

ಫೋರ್ಕಿನೊಳಗೆ ಭಾರ ಹೊರುವುದು ಸ್ಪ್ರಿಂಗು; ಅದು ಕುಗ್ಗುವ ಮತ್ತು ಹಿಗ್ಗುವ ವೇಗಕ್ಕೆ ಕಡಿವಾಣ ಹಾಕುವುದು ಎಣ್ಣೆ. ಈ ಕಡಿವಾಣಕ್ಕೆ ಡ್ಯಾಂಪಿಂಗ್ ಎಂದು ಹೆಸರು. ಕುಗ್ಗುವಾಗಿನದು ಕಂಪ್ರೆಷನ್, ಮರಳಿ ಹಿಗ್ಗುವಾಗಿನದು ರಿಬೌಂಡ್. ದುಬಾರಿ ಬೈಕುಗಳ ಕಾರ್ಟ್ರಿಜ್ ಫೋರ್ಕಿನಲ್ಲಿ ಇವೆರಡನ್ನೂ ಬೇರೆ ಬೇರೆ ತಿರುಪುಗಳಿಂದ ಹೊಂದಿಸಬಹುದು. ಸಾಧಾರಣ ಟೆಲಿಸ್ಕೋಪಿಕ್ ಫೋರ್ಕಿನಲ್ಲಿ ಇರುವುದು ಕೊಳವೆಯ ಸಣ್ಣ ರಂಧ್ರಗಳು ಮಾತ್ರ, ಅವುಗಳ ಮೂಲಕ ಎಣ್ಣೆ ನುಗ್ಗುವ ಪ್ರತಿರೋಧ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಹಂಪಿನ ಮೇಲೆ ನಿಧಾನವಾಗಿ ಹೋಗುವಾಗ ಜೋಲುವ ಫೋರ್ಕೇ ಕಲ್ಲಿಗೆ ಬಡಿದಾಗ ಕಬ್ಬಿಣದ ಸಲಾಕೆಯಂತಾಗುತ್ತದೆ. ಇಂಥ ಫೋರ್ಕು ಹಳ್ಳಕ್ಕೆ ಇಳಿದು ತಳ ಬಡಿಯುತ್ತದೆಂದು ದಪ್ಪ ಎಣ್ಣೆ ಸುರಿದರೆ ಕಂಪ್ರೆಷನ್ ಜೊತೆಗೆ ರಿಬೌಂಡೂ ಬಿಗಿಯಾಗುತ್ತದೆ. ಸಾಲುಗಲ್ಲುಗಳ ಮೇಲೆ ಫೋರ್ಕಿಗೆ ಪೂರ್ತಿ ಹಿಗ್ಗಲು ಬಿಡುವು ಸಿಗದೆ, ಪ್ರತಿ ಕಲ್ಲಿಗೂ ಇನ್ನಷ್ಟು ಕೆಳಗೇ ಉಳಿದು, ಕೊನೆಗೆ ಏಟು ನೇರವಾಗಿ ಸವಾರನ ಮಣಿಕಟ್ಟಿಗೆ ಬರುತ್ತದೆ.

ಎಣ್ಣೆಯ ಡಬ್ಬಿಯ ಮೇಲಿನ 5ಡಬ್ಲ್ಯೂ, 10ಡಬ್ಲ್ಯೂ, 15ಡಬ್ಲ್ಯೂ ಎಂಬ ಗುರುತುಗಳು ದಪ್ಪದ ಸ್ಥೂಲ ಸೂಚನೆಗಳಷ್ಟೇ. ಎಂಜಿನ್ ಎಣ್ಣೆಗೆ ಇರುವಂಥ ಕಟ್ಟುನಿಟ್ಟಾದ ಮಾನದಂಡ ಫೋರ್ಕ್ ಎಣ್ಣೆಗೆ ಇಲ್ಲದ ಕಾರಣ ಒಂದು ಕಂಪನಿಯ 10ಡಬ್ಲ್ಯೂ ಮತ್ತೊಂದರ 10ಡಬ್ಲ್ಯೂಗಿಂತ ಸ್ಪಷ್ಟವಾಗಿ ತೆಳುವಾಗಿರಬಹುದು. ನಂಬಬೇಕಾದ ಅಂಕಿ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಸ್ನಿಗ್ಧತೆ. ಅದು ಸೆಂಟಿಸ್ಟೋಕ್ ಎಂಬ ಏಕಮಾನದಲ್ಲಿ ಕಂಪನಿಯ ಮಾಹಿತಿ ಪತ್ರದಲ್ಲಿ ಇರುತ್ತದೆ. ಒಂದೇ ಕಂಪನಿಗೆ ಅಂಟಿಕೊಂಡು, ಬೇಕಾದರೆ ಅದರದೇ ಎರಡು ದರ್ಜೆಗಳನ್ನು ಬೆರೆಸಿಕೊಳ್ಳುವುದು ಹಣ ಮತ್ತು ಗೊಂದಲ ಎರಡನ್ನೂ ಉಳಿಸುತ್ತದೆ. ಮಿಕ್ಕ ಎಂಜಿನ್ ಎಣ್ಣೆಯನ್ನೇ ಫೋರ್ಕಿಗೆ ಸುರಿಯುವ ಪದ್ಧತಿ ಊರುಗಳ ಗ್ಯಾರೇಜುಗಳಲ್ಲಿ ಇಂದಿಗೂ ಇದ್ದು, ನಿತ್ಯ ಹಾಲಿನ ಕ್ಯಾನು ಹೊರುವ ಗಾಡಿಗೆ ಅದರಿಂದ ಕೇಡೇನೂ ಆಗದಿದ್ದರೂ, ಬಂಡೆಯ ಮೇಲೆ ಓಡುವ ಫೋರ್ಕಿಗೆ ನೊರೆ ತಡೆಯುವ, ಜಾರಿಕೆ ಹೆಚ್ಚಿಸುವ ಮಿಶ್ರಣಗಳಿರುವ ಎಣ್ಣೆಯೇ ಬೇಕು.

ದರ್ಜೆ ಬದಲಿಸುವ ಮೊದಲು ಮುಟ್ಟಬೇಕಾದದ್ದು ಎಣ್ಣೆಯ ಮಟ್ಟ, ಮತ್ತು ನಿಜವಾದ ಲಾಭ ಇರುವುದೂ ಇಲ್ಲಿಯೇ. ಸ್ಪ್ರಿಂಗು ತೆಗೆದು, ಫೋರ್ಕನ್ನು ಪೂರ್ತಿ ಅದುಮಿ, ಕೊಳವೆಯ ಬಾಯಿಂದ ಎಣ್ಣೆಯವರೆಗಿನ ಅಂತರವನ್ನು ಅಳೆಯಲಾಗುತ್ತದೆ. ಆ ಅಂತರದಲ್ಲಿ ಸಿಕ್ಕಿಕೊಂಡ ಗಾಳಿ ಎರಡನೆಯ ಸ್ಪ್ರಿಂಗಿನಂತೆ ವರ್ತಿಸುತ್ತದೆ. 37 ಮಿಲಿಮೀಟರ್ ವ್ಯಾಸದ, 190 ಮಿಲಿಮೀಟರ್ ಚಲಿಸುವ ಫೋರ್ಕಿನಲ್ಲಿ ಅಂತರ 130 ಮಿಲಿಮೀಟರ್ ಇದೆಯೆಂದು ಊಹಿಸಿಕೊಂಡು, ಅದನ್ನು 100ಕ್ಕೆ ಇಳಿಸಿದರೆ, ಚಲನೆಯ ನಡುಘಟ್ಟದಲ್ಲಿ ಎರಡೂ ಕಾಲುಗಳಿಂದ ಸೇರಿ ಹೆಚ್ಚುವ ಪ್ರತಿರೋಧ ಒಂದೂವರೆ ಕಿಲೋ ಭಾರದಷ್ಟು, ಆದರೆ ತಳ ಮುಟ್ಟುವ ಹೊತ್ತಿಗೆ ಸುಮಾರು ಹತ್ತು ಕಿಲೋ. ಸಣ್ಣ ಕಲ್ಲುಗಳ ಮೇಲಿನ ಮೆದುತನ ಹಾಗೇ ಉಳಿದು, ತಳ ಬಡಿಯುವುದಷ್ಟೇ ತಗ್ಗುತ್ತದೆ. ದಪ್ಪ ಎಣ್ಣೆಯಿಂದ ಆಗದ ಕೆಲಸ ಇದು. ಇದಕ್ಕೆ ಹಿಡಿಯುವ ಹೆಚ್ಚುವರಿ ಎಣ್ಣೆ ಎರಡೂ ಕಾಲಿಗೆ ಸೇರಿ 60 ಮಿಲಿಲೀಟರಿಗೂ ಕಡಿಮೆ, ಲೀಟರಿಗೆ ಸಾವಿರ ರೂಪಾಯಿ ಎಂದು ಹಿಡಿದರೂ ಐವತ್ತು ಚಿಲ್ಲರೆ ರೂಪಾಯಿ. ಬೇಕಾದ ಉಪಕರಣ ಔಷಧಿ ಅಂಗಡಿಯ ಸಿರಿಂಜು, ಒಂದು ತುಂಡು ಕೊಳವೆ. ಮಟ್ಟವನ್ನು ಐದೈದು ಮಿಲಿಮೀಟರ್ ಏರಿಸಿ ನೋಡುವುದು ಲೇಸು, ಏಕೆಂದರೆ ಮಿತಿ ಮೀರಿದರೆ ಗಾಳಿಯ ಒತ್ತಡ ಸೀಲನ್ನೇ ಹೊರದೂಡುತ್ತದೆ.

ಇದಕ್ಕೂ ಮೊದಲಿನ, ದುಡ್ಡೇ ಬೇಡದ ಅಳತೆಯೊಂದಿದೆ. ಚಕ್ರ ನೆಲ ಬಿಟ್ಟಾಗಿನ ಫೋರ್ಕಿನ ಉದ್ದಕ್ಕೂ, ಸವಾರ ಹೆಲ್ಮೆಟ್ಟು, ಬೂಟು ಸಮೇತ ಕುಳಿತಾಗಿನ ಉದ್ದಕ್ಕೂ ಇರುವ ವ್ಯತ್ಯಾಸವೇ ಸ್ಯಾಗ್. ಅದು ಒಟ್ಟು ಚಲನೆಯ ಮೂರನೆಯ ಒಂದು ಭಾಗದ ಆಸುಪಾಸು, ಎಕ್ಸ್‌ಪಲ್ಸಿನಲ್ಲಿ ಆರು ಸೆಂಟಿಮೀಟರಿನಷ್ಟು, ಇದ್ದರೆ ಸಾಕು. ಹೆಚ್ಚಿದ್ದರೆ ಸ್ಪ್ರಿಂಗಿನ ಮೇಲೆ ಪಿವಿಸಿ ಪೈಪಿನ ತುಂಡನ್ನು ಕೂರಿಸಿ ಪ್ರಿಲೋಡ್, ಅಂದರೆ ಮುಂಗಡ ಒತ್ತಡ, ಏರಿಸುವುದುಂಟು. ಇದರಿಂದ ಬೈಕಿನ ನಿಲುವು ಏರುತ್ತದೆಯೇ ಹೊರತು ಸ್ಪ್ರಿಂಗು ಗಟ್ಟಿಯಾಗುವುದಿಲ್ಲ. ಪ್ರಿಲೋಡ್ ಏರಿಸಿ, ಮಟ್ಟವನ್ನೂ ಸರಿಪಡಿಸಿದ ಮೇಲೂ ಸ್ಯಾಗ್ ಮಿತಿಗೆ ಬಾರದ ಭಾರದ ಸವಾರರು ಹೊಸ ಸ್ಪ್ರಿಂಗಿಗೆ ಹಣ ಕೊಡುವುದು ನ್ಯಾಯ.

ಪರೀಕ್ಷೆಗೆ ದಾರಿ ಆರಿಸುವಾಗಲೂ ಲೆಕ್ಕ ಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿರುವ ಕಾರಣ, ಬೆಂಗಳೂರಿನಿಂದ ರಾಮನಗರಕ್ಕೆ ಬರುವ ಗಾಡಿ ಸರ್ವಿಸ್ ರಸ್ತೆಯ ಹಂಪುಗಳನ್ನು ದಾಟಿಯೇ ಬರಬೇಕು, ಬಂಡೆಗೆಂದು ಬಿಗಿ ಮಾಡಿದ ಫೋರ್ಕು ಅಲ್ಲಿಯೇ ಸಾಕೆನಿಸುತ್ತದೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಧಾಮ, ಸಾವನದುರ್ಗ ಅರಣ್ಯ ಇಲಾಖೆಯ ನೆಲ. ಎರಡೂ ಕಡೆ ಬೈಕ್ ನುಗ್ಗಿಸಿದರೆ ಬೀಳುವ ದಂಡ ಎಣ್ಣೆಯ ಉಳಿತಾಯವನ್ನೆಲ್ಲ ನುಂಗೀತು. ಹೊಲದ ಮಾಲೀಕರ ಒಪ್ಪಿಗೆ ಇರುವ ಕಾಲುದಾರಿ ಸಾಕು, ಆದರೆ ಪ್ರತಿ ಸಲವೂ ಅದೇ ದಾರಿಯಾಗಿರಬೇಕು, ಫೋರ್ಕು ಬೆಚ್ಚಗಾದ ಮೇಲೆಯೇ ತೀರ್ಮಾನಿಸಬೇಕು, ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು.

ಈ ಸೀಮೆಯ ಗ್ರಾನೈಟ್ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುವುದರಿಂದ ಸೀಲಿನ ತುಟಿಯೂ ಒಳಕೊಳವೆಯ ಹೊಳಪೂ ಬೇಗ ಗೀರಿಹೋಗುತ್ತವೆ. ಸೋರಿದ ಎಣ್ಣೆ ಕೊಳವೆಗುಂಟ ಇಳಿದು ಮುಂದಿನ ಬ್ರೇಕಿನ ಪ್ಯಾಡುಗಳಿಗೆ ಸೇರಿದರೆ ಕೆಲವು ನೂರು ರೂಪಾಯಿಯ ಸೀಲಿನ ಖರ್ಚಿಗೆ ಪ್ಯಾಡುಗಳದೂ ಸೇರಿಕೊಳ್ಳುತ್ತದೆ. ಬಸಿದ ಎಣ್ಣೆ ಬೂದುಬಣ್ಣಕ್ಕೆ ತಿರುಗಿ ಲೋಹದ ಮಿನುಗು ತೋರಿದರೆ ಒಳಗಿನ ಬುಷ್ ಸವೆದಿದೆ ಎಂದರ್ಥ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಗೇಟರ್ ಎಂಬ ರಬ್ಬರ್ ಮುಸುಕನ್ನು ಸರಿಸಿ, ಕೊಳವೆಯನ್ನು ಉಗುರಿನಿಂದ ಸವರಿ, ಗೀರು ತಾಗಿದರೆ ಹೊಸ ಕೊಳವೆಯ ಬೆಲೆಯನ್ನು ಚೌಕಾಶಿಯಲ್ಲೇ ಕಳೆಯಬಹುದು.