ಐದನ್ನು ಎರಡರಿಂದ ಭಾಗಿಸಿದರೆ ಎಷ್ಟು?

ಪ್ರಶ್ನೆ: ಹೈಸ್ಕೂಲು ಮಕ್ಕಳಿಗಾಗಿ ನಾವು ಮೂವರು ಗೆಳೆಯರು ಸಂಜೆ ಹೊತ್ತು ಕೂತು ಕನ್ನಡ ಪದಗಳ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೇವೆ. ನಮ್ಮೂರ ಶಾಲೆಯಲ್ಲಿ ಮಕ್ಕಳ ಕೈಗೆ ಕೊಟ್ಟಾಗ ಪ್ರಶ್ನೆಗಳ ಸುರಿಮಳೆ. 5ನ್ನು 2ರಿಂದ ಭಾಗಿಸಿದರೆ 2 ಯಾಕೆ ಬರುತ್ತೆ? ಪಟ್ಟಿಯ ಎಣಿಕೆ ಸೊನ್ನೆಯಿಂದ ಯಾಕೆ? ಇಪ್ಪತ್ತು ವರ್ಷ ಕೋಡ್ ಬರೆದ ಗೆಳೆಯ, 'ಮಕ್ಕಳು ಹೇಳಿದಂತೆ ಕುಣಿದರೆ ಇದು ಆಟಿಕೆಯಾಗುತ್ತೆ' ಅನ್ನುತ್ತಾನೆ. ಶಾಲೆಯ ಮೇಷ್ಟ್ರು, 'ಮಕ್ಕಳಿಗೇ ತಿಳಿಯದಿದ್ದರೆ ಭಾಷೆ ಯಾರಿಗೆ?' ಅನ್ನುತ್ತಾರೆ. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಶಿರಸಿ

ಉತ್ತರ: ಅಡಕತ್ತರಿಯ ವಿಷಯವನ್ನು ಶಿರಸಿಯವರಿಗೆ ನಾನು ಹೇಳಬೇಕೆ? ಒಂದೇ ಹಿಡಿ ಒತ್ತಿದರೆ ಅಡಿಕೆ ಹೋಳಾಗುವುದಿಲ್ಲ. ಎರಡೂ ಹಿಡಿ ನಿಮ್ಮ ಕೈಯಲ್ಲೇ ಇವೆ. ಯಾರ ಮಾತು ಕೇಳಲಿ ಎನ್ನುವುದಕ್ಕಿಂತ, ಯಾರನ್ನು ಏನು ಕೇಳಲಿ ಎಂದು ಯೋಚಿಸಿ.

1978ರಲ್ಲಿ ಲ್ಯಾಂಬರ್ಟ್ ಮೇರ್ಟೆನ್ಸ್ ಮತ್ತು ಸಂಗಡಿಗರು ಪೋಲೆಂಡಿನಲ್ಲಿ ಕೂತು, ಮುಂದೆ ಎಬಿಸಿ ಎಂದು ಹೆಸರಾದ ಭಾಷೆಯ ರೂಪರೇಷೆ ಹಾಕುತ್ತಿದ್ದರು. ಒಮ್ಮತ ಬರಲಿಲ್ಲ. ಕಡೆಗೆ ಅವರಲ್ಲೊಬ್ಬರಾದ ರಾಬರ್ಟ್ ಡ್ಯೂವರ್ ಅವರ ಪತ್ನಿಯನ್ನು ಕೋಣೆಯಿಂದ ಕರೆಸಿ ಪ್ರೋಗ್ರಾಮ್ ತೋರಿಸಿದರು. ಅದರಲ್ಲಿನ ಒಂದು ಸಾಲು ತನ್ನ ಕೆಳಗಿನ ಸಾಲುಗಳಿಗೂ ತಲೆಬರಹ ಎಂಬುದು ಆಕೆಗೆ ಹೊಳೆದಿರಲಿಲ್ಲ; ಅದನ್ನೇ ಕೇಳಿದರು. ಆ ಸಾಲಿನ ಕೊನೆಗೆ ಕೋಲನ್ ಬಂದದ್ದು ಹೀಗೆ. ಎಬಿಸಿಯಿಂದ ಅದು ಪೈಥಾನ್ ಭಾಷೆಗೂ ಇಳಿಯಿತು. 'ಕೋಲನ್ ಹಾಕಿ' ಎಂದು ಆಕೆ ಹೇಳಿರಲಿಲ್ಲ. ಎಡವಿದ ಜಾಗ ತೋರಿಸಿದರು, ಕಲ್ಲು ಕಿತ್ತವರು ಕಸುಬು ಬಲ್ಲವರು.

ನಿಮ್ಮ ಮಕ್ಕಳ ಭಾಗಾಕಾರದ ತಕರಾರೂ ಹಳೆಯದೇ. ಅಮೆರಿಕದಲ್ಲಿ ರ್‍ಯಾಂಡಿ ಪಾಶ್ ಅವರ ತಂಡ ಹೊಸಬರಿಗಾಗಿ ಆಲಿಸ್ ಎಂಬ ತ್ರೀಡಿ ವ್ಯವಸ್ಥೆಯನ್ನು ಪೈಥಾನ್ ಬಳಸಿ ಕಟ್ಟಿತ್ತು. ಹೊಸಬರು ಎರಡು ಕಡೆ ಎಡವುವುದು ಅವರಿಗೆ ಕಂಡಿತು: 1ನ್ನು 2ರಿಂದ ಭಾಗಿಸಿದರೆ 0 ಬರುವುದು, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬೇರೆಬೇರೆ ಎನ್ನುವುದು. ಪೈಥಾನ್‌ನ ಕರ್ತೃ ಗಿಡೋ ವಾನ್ ರಾಸಮ್ ಮೊದಲನೆಯದನ್ನು ಬದಲಿಸಲು ಒಪ್ಪಿದರು, ಎರಡನೆಯದು ಹಾಗೇ ಉಳಿಯಿತು.

ನನಗೆ ಕಾಣುವ ಭೇದ ಇದು. ಭಾಗಾಕಾರದ ತಪ್ಪು ಸದ್ದಿಲ್ಲದ್ದು. ಪ್ರೋಗ್ರಾಮ್ ನಿಲ್ಲದೆ ತಪ್ಪು ಉತ್ತರ ಕೊಟ್ಟು ಮುಂದೆ ಹೋಗುತ್ತದೆ, ನುರಿತವರನ್ನೂ ಬಿಡುವುದಿಲ್ಲ. ಅವರಿಗೆ ಅದು ರೂಢಿಯಾಗಿತ್ತು ಅಷ್ಟೆ. ಅಕ್ಷರದ ತಪ್ಪು ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೆ ಒಳ್ಳೆಯ ಸೂಚನೆ ಸಾಕು. 2021ರ ಪೈಥಾನ್ 3.10 ತಪ್ಪು ಹೆಸರು ಕಂಡರೆ ಹತ್ತಿರದ ಹೆಸರನ್ನು ತಾನೇ ಸೂಚಿಸುತ್ತದೆ.

ಭಾಗಾಕಾರವೂ ರಾತ್ರೋರಾತ್ರಿ ಬದಲಾಗಲಿಲ್ಲ. 2001ರ ಪೈಥಾನ್ 2.2ರಲ್ಲಿ ಪೂರ್ಣಾಂಕದ ಭಾಗಾಕಾರಕ್ಕೆ ಬೇರೆ ಚಿಹ್ನೆ ಬಂತು. ಹಳೆಯ ಚಿಹ್ನೆಯ ಅರ್ಥ ಎಲ್ಲರಿಗೂ ಬದಲಾದದ್ದು 2008ರ 3.0ರಲ್ಲಿ. ಏನು ಸರಿಯಿಲ್ಲ ಎಂದದ್ದು ಹೊಸಬರು, ಎಷ್ಟು ನಿಧಾನ ಸರಿಪಡಿಸಬೇಕು ಎಂದು ಬಲ್ಲವರು ಹಳಬರು.

ಈಗ ನಿಮ್ಮ ಮಾತಿಗೆ ಬರೋಣ. ಭಾಗಾಕಾರದಲ್ಲಿ ಮಕ್ಕಳು ಸರಿ. 2.5 ಬರಲಿ, ಪೂರ್ಣಾಂಕ ಬೇಕಾದಾಗ ಬೇರೆ ಚಿಹ್ನೆ ಇರಲಿ. ಈಗಲೇ ಮಾಡಿ, ನಿಮ್ಮ ಭಾಷೆಯಲ್ಲಿ ಮುರಿಯುವಷ್ಟು ಹಳೆಯ ಕೋಡ್ ಇನ್ನೂ ಎಲ್ಲಿದೆ?

ಸೊನ್ನೆಯದು ಕಷ್ಟದ ತೀರ್ಪು. ಲುವಾ ಭಾಷೆ ಒಂದರಿಂದಲೇ ಎಣಿಸಿಕೊಂಡು ಚೆನ್ನಾಗಿದೆ. ಸೊನ್ನೆಯಿಂದ ಎಣಿಸುವಾಗ 1 ಎಂದರೆ ಎರಡನೆಯದು ಬರುವುದೂ ಸದ್ದಿಲ್ಲದ ತಪ್ಪೇ. ಆದರೆ ಈ ಮಕ್ಕಳು ನಾಳೆ ಹೋಗುವುದು ಸಿ, ಜಾವಾ, ಪೈಥಾನ್ ಕಡೆಗೆ. ಅಲ್ಲೆಲ್ಲ ಎಣಿಕೆ ಸೊನ್ನೆಯಿಂದ. ಗೆಳೆಯನ ಮಾತಿಗೆ ಇಲ್ಲಿ ತೂಕವಿದೆ. ಸೊನ್ನೆ ಇರಲಿ, ಜೊತೆಗೆ 'ಮೊದಲ', 'ಕೊನೆಯ' ಎಂಬ ಪದಗಳನ್ನು ಭಾಷೆಗೆ ಸೇರಿಸಿ. ಶುರುವಿನಲ್ಲಿ ಮಕ್ಕಳು ಅಂಕಿಯ ಗೊಡವೆಗೇ ಹೋಗಬೇಕಿಲ್ಲ.

ಮುಂದಿನ ಸಲ ಶಾಲೆಗೆ ಆ ಗೆಳೆಯನನ್ನೂ ಕರೆದೊಯ್ಯಿರಿ. ಒಂದು ಗಂಟೆ ಬಾಯಿ ಬಿಡದೆ ಮಗುವಿನ ಹಿಂದೆ ಕೂತು, ಬೆರಳು ಎಲ್ಲಿ ನಿಂತಿತು ಎಂದು ಬರೆದುಕೊಳ್ಳಲಿ. ಮೇಷ್ಟ್ರಿಗೂ ಒಂದು ಕೆಲಸ ಹೇಳಿ: 'ನಿನಗೆ ಏನು ಬೇಕು' ಎಂದು ಮಗುವನ್ನು ಕೇಳುವುದು ಬೇಡ, 'ಏನು ಬರುತ್ತೆ ಅಂದ್ಕೊಂಡಿದ್ದೆ?' ಎಂದು ಕೇಳಲಿ.