ಅರಿಶಿನದ ಮಾತ್ರೆ ನುಂಗುವ ಮುನ್ನ ಲಿವರ್ ನೆನಪಿರಲಿ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಮನೆಗಳಲ್ಲಿ ಅರಿಶಿನವಿಲ್ಲದೆ ಸಾರೂ ಇಲ್ಲ, ಹೊಸ್ತಿಲ ಪೂಜೆಯೂ ಇಲ್ಲ. ಈಗ ಅದೇ ಅರಿಶಿನ ಕ್ಯಾನ್ಸರ್ ರೋಗಿಗಳ ಕೈಗೆ ಮಾತ್ರೆಯಾಗಿ ಬರುತ್ತಿದೆ. ಅದರಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆದಿರುವುದು ನಿಜ. ಆದರೆ ಮನುಷ್ಯರಲ್ಲಿ ರೋಗ ವಾಸಿ ಮಾಡುತ್ತದೆಂದು ಸಾಬೀತಾಗಿಲ್ಲ. 2022ರಲ್ಲಿ ಅಮೆರಿಕದ ತಜ್ಞರು ಅರಿಶಿನದ ಮಾತ್ರೆಯಿಂದ ಲಿವರ್ ಕೆಟ್ಟ 10 ಪ್ರಕರಣಗಳನ್ನು ವರದಿ ಮಾಡಿದರು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡಿದ್ದರು. ಅಡುಗೆಯ ಅರಿಶಿನಕ್ಕೆ ಹೆದರಬೇಕಿಲ್ಲ. ಮಾತ್ರೆಗೆ ಮಾತ್ರ ಈ ಐದು ಎಚ್ಚರ ಬೇಕು.

1. ಲೆಕ್ಕ ಹಾಕಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಒಂದೂವರೆ ಗ್ರಾಂ ಪುಡಿಯಲ್ಲಿ ಸಿಗುವುದು 45 ಮಿ.ಗ್ರಾಂ. ಶೇ 95ರ ಸಾಂದ್ರತೆಯ 500 ಮಿ.ಗ್ರಾಂ ಮಾತ್ರೆ ಒಂದರಲ್ಲೇ 475 ಮಿ.ಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞರ ಸಮಿತಿ ಹೇಳುವ ಮಿತಿ ದಿನಕ್ಕೆ ದೇಹತೂಕದ ಕೆ.ಜಿ.ಗೆ 3 ಮಿ.ಗ್ರಾಂ, 60 ಕೆ.ಜಿ. ತೂಗುವವರಿಗೆ 180.

2. ಡಬ್ಬಿಯ ಹಿಂಬದಿ ಓದಿ. ‘ಪೈಪರಿನ್’ ಎಂದಿದ್ದರೆ ಅದು ಕಾಳುಮೆಣಸಿನ ಸತ್ವ. ಇದನ್ನು ಸೇರಿಸಿದರೆ ಕರ್ಕ್ಯುಮಿನ್ ಸುಮಾರು 20 ಪಟ್ಟು ಹೆಚ್ಚಾಗಿ ರಕ್ತ ಸೇರುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರ 1998ರ ಅಧ್ಯಯನ ತೋರಿಸಿತು. ಔಷಧಗಳನ್ನು ಕರಗಿಸಿ ಹೊರಹಾಕುವ ಲಿವರ್‌ನ ಕೆಲಸವನ್ನೂ ಪೈಪರಿನ್ ನಿಧಾನಗೊಳಿಸಬಲ್ಲದು. ಇಂಥ ಮಾತ್ರೆ ಬೇಡ.

3. ವೈದ್ಯರಿಂದ ಮುಚ್ಚಿಡಬೇಡಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ಫೈಲಿನ ಜೊತೆ ಡಬ್ಬಿಯನ್ನೂ ಒಯ್ಯಿರಿ. ಕೀಮೋ ನಡೆಯುತ್ತಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಲಿವರ್ ತೊಂದರೆ ಇದ್ದರೆ ಕೇಳದೆ ಒಂದು ಮಾತ್ರೆಯನ್ನೂ ಮುಟ್ಟಬೇಡಿ. ಮದ್ಯ ದೂರವಿರಲಿ.

4. ರಕ್ತಪರೀಕ್ಷೆ ಮಾಡಿಸಿ. ವೈದ್ಯರು ಒಪ್ಪಿದರೂ ಶುರುಮಾಡುವ ಮೊದಲು ಲಿವರ್‌ನ ರಕ್ತಪರೀಕ್ಷೆ (ಎಲ್‌ಎಫ್‌ಟಿ) ಮಾಡಿಸಿ, ಅವರು ಹೇಳಿದ ದಿನ ಮತ್ತೆ ಮಾಡಿಸಿ. ಅಮೆರಿಕದ ಪ್ರಕರಣಗಳಲ್ಲಿ ತೊಂದರೆ ಕಂಡದ್ದು ಒಂದರಿಂದ ನಾಲ್ಕು ತಿಂಗಳಲ್ಲಿ. ಮೊದಲ ವಾರ ಏನೂ ಆಗಲಿಲ್ಲವೆಂದು ಮೈಮರೆಯಬೇಡಿ.

5. ಕಣ್ಣು ನೋಡಿಕೊಳ್ಳಿ. ಟ್ಯೂಬ್‌ಲೈಟಿನಡಿ ಹಳದಿ ಸರಿಯಾಗಿ ಕಾಣದು. ಬೆಳಗ್ಗೆ ಅಂಗಳದ ಬೆಳಕಿನಲ್ಲಿ ಕೆಳರೆಪ್ಪೆ ಎಳೆದು ಕಣ್ಣಿನ ಬಿಳಿ ನೋಡಿ. ಅದು ಹಳದಿಯಾಗಿದ್ದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಊಟ ಸೇರದೆ ವಾಕರಿಕೆ, ಮೈ ನವೆ ಇದ್ದರೆ ಅಂದೇ ಮಾತ್ರೆ ನಿಲ್ಲಿಸಿ ಹೊಸದುರ್ಗದ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಕಾಮಾಲೆಯೆಂದು ನಾಟಿ ಔಷಧ ಕುಡಿದರೆ ಸೋತ ಲಿವರ್‌ಗೆ ಇನ್ನೊಂದು ಹೊರೆ ಹೊರಿಸಿದಂತೆ.

ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರ ಲಿವರ್ ಚೇತರಿಸಿಕೊಳ್ಳುತ್ತದೆ. ಒಮ್ಮೆ ತೊಂದರೆ ಕೊಟ್ಟದ್ದನ್ನು ಮತ್ತೆ ನುಂಗಬೇಡಿ. ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಡಬ್ಬಿಯಾದರೂ ಸರಿಯೇ, ಅವರಿಗೆ ಈ ಮಾತು ತಿಳಿಸಿ ಹೇಳಿ.