ವಾಕಿಟಾಕಿ ಖರೀದಿಗೆ ಮುನ್ನ: ಪರವಾನಗಿ ಮತ್ತು ನಿಜವಾದ ವ್ಯಾಪ್ತಿ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಗ್ರಾಮ ಪಂಚಾಯತ್ ವಿಪತ್ತು ನಿರ್ವಹಣಾ ತಂಡಗಳ ಅಧ್ಯಯನಕ್ಕಾಗಿ)

ಪೀಠಿಕೆ

2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ಸೇತುವೆಗಳು ಕೊಚ್ಚಿಹೋದವು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿತು. ಇಂತಹ ದಿನಗಳಲ್ಲಿ ವಿದ್ಯುತ್ ಕಡಿತಗೊಂಡು ಮೊಬೈಲ್ ಗೋಪುರದ ಬ್ಯಾಟರಿಯೂ ಬರಿದಾದರೆ ಫೋನುಗಳು ಮೌನವಾಗುತ್ತವೆ. ಹೊಳೆಯಾಚೆಯ ಮನೆಗಳಿಂದ ಸುದ್ದಿ ತಿಳಿಯಲು ಆಗ ವಾಕಿಟಾಕಿ ನೆನಪಾಗುವುದು ಸಹಜ. ಆದರೆ ಪೆಟ್ಟಿಗೆಯ ಮೇಲೆ ‘10 ಕಿ.ಮೀ.’ ಎಂದು ಅಚ್ಚಾಗಿರುವ ಸೆಟ್ ಒಂದೇ ಗುಡ್ಡದ ಆಚೆಗೂ ಮಾತು ಮುಟ್ಟಿಸದಿರಬಹುದು. ಪರೀಕ್ಷಿಸದೆ ಕೊಂಡ ತಂಡಕ್ಕೆ ಇದು ತಿಳಿಯುವುದು ನೆರೆಯ ರಾತ್ರಿಯಲ್ಲಿ. ಆದ್ದರಿಂದ ಖರೀದಿಗೆ ಮೊದಲೇ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳತಕ್ಕದ್ದು: ಈ ಸೆಟ್ಟನ್ನು ಇಟ್ಟುಕೊಳ್ಳಲು ಕಾನೂನಿನ ಅನುಮತಿ ಇದೆಯೇ? ಈ ಗ್ರಾಮದ ನೆಲದಲ್ಲಿ ಅದು ಎಷ್ಟು ದೂರ ಕೇಳಿಸುತ್ತದೆ?

1. ಪರವಾನಗಿ

ಹಿಂದೆ ಮನೆಯ ರೇಡಿಯೊ ಕೇಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿದೆ. ಕೇಳುವ ರೇಡಿಯೊಗೆ ಆ ನಿರ್ಬಂಧ ಹೋಯಿತು. ತರಂಗಗಳನ್ನು ಹೊರಬಿಡುವ ಸಾಧನಕ್ಕೆ ಹೋಗಿಲ್ಲ. 1933ರ ಭಾರತೀಯ ನಿಸ್ತಂತು ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಇಂತಹ ಸಾಧನವನ್ನು ಬಳಸುವುದಷ್ಟೇ ಅಲ್ಲ, ಪರವಾನಗಿಯಿಲ್ಲದೆ ವಶದಲ್ಲಿಟ್ಟುಕೊಳ್ಳುವುದೂ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ಪರವಾನಗಿ ನೀಡುವ ಅಧಿಕಾರ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗಕ್ಕಿದೆ. ಗ್ರಾಮ ಪಂಚಾಯತಿನ ನಿರ್ಣಯವಾಗಲಿ ತಾಲೂಕು ಕಚೇರಿಯ ಪತ್ರವಾಗಲಿ ಅದಕ್ಕೆ ಬದಲಿಯಾಗದು.

ಈ ನಿಯಮಕ್ಕೆ ವಿನಾಯಿತಿಗಳಿವೆ. 2018ರ ಅಲ್ಪಶಕ್ತಿ ಸಾಧನಗಳ ನಿಯಮಗಳಂತೆ 446.0ರಿಂದ 446.2 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುವ ಅಲ್ಪಶಕ್ತಿಯ ವಾಕಿಟಾಕಿಗೆ ಬಳಕೆದಾರರು ಪರವಾನಗಿ ಪಡೆಯಬೇಕಿಲ್ಲ. ಆದರೆ ಆ ಮಾದರಿಗೆ ಇಟಿಎ ಎಂಬ ಸಾಧನ ಅನುಮೋದನೆ ಇರಬೇಕು. 27 ಮೆಗಾಹರ್ಟ್ಜ್ ಸುತ್ತಲಿನ ಸಿಟಿಜನ್ ಬ್ಯಾಂಡಿಗೂ 2005ರಿಂದ ವಿನಾಯಿತಿ ಇದೆ; ಅಲ್ಲಿ ಗರಿಷ್ಠ ಶಕ್ತಿ 5 ವ್ಯಾಟ್, ಆಂಟೆನಾ ಸೆಟ್ಟಿನಲ್ಲೇ ಅಡಕವಾಗಿರಬೇಕು.

ಅಗ್ಗದ ಬೆಲೆಗೆ ಆನ್‌ಲೈನ್‌ನಲ್ಲಿ ದೊರೆಯುವ ಅನೇಕ ಸೆಟ್‌ಗಳು ಈ ವಿನಾಯಿತಿಯೊಳಗೆ ಬರುವುದಿಲ್ಲ. 136ರಿಂದ 174 ಹಾಗೂ 400ರಿಂದ 480 ಮೆಗಾಹರ್ಟ್ಜ್‌ವರೆಗೆ ಯಾವ ಆವರ್ತನಕ್ಕಾದರೂ ಹೊಂದಿಸಬಹುದಾದ ಸೆಟ್, ಪೊಲೀಸ್ ಮತ್ತು ಇತರ ತುರ್ತು ಸೇವೆಗಳ ಮಾತಿಗೆ ಅಡ್ಡಿಯಾಗಬಲ್ಲದು. ಸಹಾಯಕ್ಕೆಂದು ಕೊಂಡ ಸಾಧನವೇ ಸಹಾಯಕ್ಕೆ ತಡೆಯಾದೀತು. ಇಂತಹ ಮಾರಾಟವನ್ನು ನಿಯಂತ್ರಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. ಸೆಟ್ಟಿನ ಆವರ್ತನ, ಪರವಾನಗಿಯ ಅಗತ್ಯ ಮತ್ತು ಇಟಿಎ ವಿವರ ಬರಹದಲ್ಲಿ ಸಿಗದಿದ್ದರೆ ಖರೀದಿಸಬಾರದು.

2. ವ್ಯಾಪ್ತಿಯನ್ನು ನಿರ್ಧರಿಸುವುದು ಯಾವುದು?

ಪೆಟ್ಟಿಗೆಯ ಮೇಲಿನ ಅಂಕಿಯು ನಡುವೆ ಯಾವ ತಡೆಯೂ ಇಲ್ಲದ ಸ್ಥಿತಿಗೆ ಸಂಬಂಧಿಸಿದ್ದು. ಈ ಆವರ್ತನದ ತರಂಗಗಳು ಬೆಳಕಿನಂತೆ ಬಹುತೇಕ ನೇರವಾಗಿ ಸಾಗುತ್ತವೆ. ತಡೆಯಿಲ್ಲದಿದ್ದರೆ ಅಲ್ಪಶಕ್ತಿಯೂ ಸಾಕು: ಹವ್ಯಾಸಿ ರೇಡಿಯೊ ಪರವಾನಗಿದಾರರು 5 ವ್ಯಾಟ್‌ನ ಕೈಸೆಟ್ಟಿನಿಂದ ಸುಮಾರು 400 ಕಿ.ಮೀ. ಎತ್ತರದ ಅಂತರಿಕ್ಷ ನಿಲ್ದಾಣದೊಡನೆ ಮಾತನಾಡಿದ್ದಾರೆ.

ನೆಲದ ಮೇಲೆ ಲೆಕ್ಕ ಬೇರೆ. ನೆಲದಿಂದ ಪ್ರತಿಫಲಿಸಿದ ತರಂಗವು ನೇರ ತರಂಗವನ್ನು ಕುಗ್ಗಿಸುವುದರಿಂದ, ಸಮತಟ್ಟಾದ ಬಯಲಿನಲ್ಲಿಯೂ ದೂರವನ್ನು ಇಮ್ಮಡಿಗೊಳಿಸಲು ಶಕ್ತಿಯನ್ನು ಸುಮಾರು 16 ಪಟ್ಟು ಹೆಚ್ಚಿಸಬೇಕು. ಅರ್ಧ ವ್ಯಾಟ್‌ನ ಬದಲು 5 ವ್ಯಾಟ್ ಬಳಸಿದರೆ, ಅಂದರೆ ಶಕ್ತಿ ಹತ್ತು ಪಟ್ಟಾದರೆ, ದೂರ ಹೆಚ್ಚುವುದು ಸುಮಾರು 1.8 ಪಟ್ಟು ಮಾತ್ರ. ಅದೇ ಒಬ್ಬನು ಕೈಯಲ್ಲಿ ಹಿಡಿದ ಸೆಟ್ಟನ್ನು 1.5 ಮೀಟರ್‌ನಿಂದ 6 ಮೀಟರ್ ಎತ್ತರಕ್ಕೆ, ಅಂದರೆ ಮನೆಯ ತಾರಸಿಗೆ ಒಯ್ದರೆ ದೂರ ಇಮ್ಮಡಿಯಾಗುತ್ತದೆ. 16 ಪಟ್ಟು ಶಕ್ತಿ ಕೊಡುವ ಫಲವನ್ನು ಏಣಿಯ ಮೆಟ್ಟಿಲುಗಳು ಕೊಡುತ್ತವೆ.

3. ಮೂರು ತಾಲೂಕುಗಳ ನೆಲ

ಬಂಟ್ವಾಳದ ಗ್ರಾಮಗಳಲ್ಲಿ ಅನೇಕ ಮನೆಗಳು ಬೈಲಿನ ತಳದಲ್ಲಿ, ಅಡಿಕೆ ತೋಟಗಳ ನಡುವೆ ಇವೆ. ಬೈಲಿಗೂ ಬೈಲಿಗೂ ನಡುವೆ ಗುಡ್ಡ. ಒಂದೇ ಕಿ.ಮೀ. ಅಂತರದ ಎರಡು ಮನೆಗಳ ನಡುವೆ ಮಾತು ನಿಲ್ಲಲು ಈ ಗುಡ್ಡ ಸಾಕು. ನೇತ್ರಾವತಿಯ ದಡದಲ್ಲಿ, ನೀರಿನ ಮೇಲೆ ಪರಸ್ಪರ ಕಾಣುವ ಸ್ಥಳಗಳ ನಡುವೆ ಅದೇ ಸೆಟ್ ಸ್ಪಷ್ಟವಾಗಿ ಕೇಳಿಸುತ್ತದೆ. ಬೆಳ್ತಂಗಡಿಯಲ್ಲಿ ಕಾಡಿನ ಒದ್ದೆ ಎಲೆಗಳು ತರಂಗವನ್ನು ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಕೇಳಿಸಿದ ಸ್ಥಳದಲ್ಲಿ ಆಟಿಯ ಮಳೆಗೆ ಕೇಳಿಸದಿರಬಹುದು. ಮೂಡುಬಿದಿರೆ ಪೇಟೆಯಲ್ಲಿ ಮುರಕಲ್ಲು ಮತ್ತು ಕಾಂಕ್ರೀಟ್ ಗೋಡೆಗಳು ತಡೆಯಾಗುತ್ತವೆ. ಆದರೆ ಕಂಬಳದ ಕರೆಯ ಎರಡು ತುದಿಗಳ ನಡುವೆ, ವಾಹನ ನಿಲುಗಡೆಯ ಬಯಲಿನವರೆಗೆ, ವಿನಾಯಿತಿಯ ಸೆಟ್ ಧಾರಾಳವಾಗಿ ಸಾಕು.

4. ಗುಡ್ಡದ ಮೇಲೊಬ್ಬ ವಾಹಕ

ಗುಡ್ಡ ತಡೆಯೂ ಹೌದು, ದಾರಿಯೂ ಹೌದು. ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರದಲ್ಲಿ ನಿಂತವನ ರೇಡಿಯೊ ದಿಗಂತ ಸುಮಾರು 41 ಕಿ.ಮೀ.; 1.5 ಮೀಟರ್ ಎತ್ತರದಲ್ಲಿ ಅದು ಸುಮಾರು 5 ಕಿ.ಮೀ. ಆದ್ದರಿಂದ ಎರಡು ಬೈಲುಗಳಿಗೂ ಕಾಣುವ ಎತ್ತರದಲ್ಲಿ ಒಬ್ಬ ಸ್ವಯಂಸೇವಕನನ್ನು ನಿಲ್ಲಿಸಿ, ಒಂದೆಡೆಯಿಂದ ಬಂದ ಸಂದೇಶವನ್ನು ಬರೆದುಕೊಂಡು ಇನ್ನೊಂದೆಡೆಗೆ ಓದಿ ಹೇಳಿಸುವುದು ಕಾನೂನಿಗೆ ಒಪ್ಪುವ, ಖರ್ಚಿಲ್ಲದ ಕ್ರಮ. ಸ್ಥಳವು ಕುಸಿತ ಮತ್ತು ಸಿಡಿಲಿನ ಭಯವಿಲ್ಲದ್ದಾಗಿರಬೇಕು. ಇದಕ್ಕಿಂತ ವಿಸ್ತಾರವಾದ ವ್ಯವಸ್ಥೆ ಬೇಕಾದಲ್ಲಿ ಡಬ್ಲ್ಯುಪಿಸಿಯಿಂದ ಆವರ್ತನ ಹಂಚಿಕೆ ಮತ್ತು ಪರವಾನಗಿ ಪಡೆಯಬೇಕು. ಆಸಕ್ತ ಯುವಕ ಯುವತಿಯರು ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು ಸ್ವಂತ ಪರವಾನಗಿ ಪಡೆದರೆ ಗ್ರಾಮಕ್ಕೆ ಅದೂ ಒಂದು ಬಲ.

5. ಅಭ್ಯಾಸ

ಅ) ಎರಡು ಸೆಟ್‌ಗಳನ್ನು ಪಡೆದು, ಒಂದನ್ನು ಪಂಚಾಯತ್ ಕಚೇರಿಯಲ್ಲಿರಿಸಿ, ಇನ್ನೊಂದರೊಡನೆ ಪ್ರತಿ ವಾರ್ಡಿಗೂ ನಡೆಯಿರಿ. ಗ್ರಾಮದ ನಕ್ಷೆಯಲ್ಲಿ ‘ಸ್ಪಷ್ಟ’, ‘ಅಸ್ಪಷ್ಟ’, ‘ಇಲ್ಲ’ ಎಂದು ಗುರುತಿಸಿರಿ.

ಆ) ‘ಇಲ್ಲ’ ಎಂದ ಸ್ಥಳಗಳಿಗೆ ಯಾವ ಎತ್ತರದಿಂದ ಮಾತು ಮುಟ್ಟುತ್ತದೆಂದು ಪರೀಕ್ಷಿಸಿ, ವಾಹಕನ ಸ್ಥಳವನ್ನು ನಿಗದಿಪಡಿಸಿರಿ.

ಇ) ಇದೇ ಪರೀಕ್ಷೆಯನ್ನು ಮಳೆಗಾಲದಲ್ಲಿ ಮತ್ತೊಮ್ಮೆ ನಡೆಸಿ ನಕ್ಷೆಯನ್ನು ತಿದ್ದಿರಿ.

ಈ) ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ವಿದ್ಯುತ್ ಇಲ್ಲದಾಗ ಅದನ್ನು ಎಲ್ಲಿ ಚಾರ್ಜ್ ಮಾಡಬಹುದು ಎಂಬುದನ್ನು ದಾಖಲಿಸಿರಿ.

ಈ ನಕ್ಷೆ ಸಿದ್ಧವಾದ ಮೇಲಷ್ಟೇ ಎಷ್ಟು ಸೆಟ್ ಬೇಕೆಂದು ತೀರ್ಮಾನಿಸತಕ್ಕದ್ದು. ಗ್ರಾಮದ ನಿಜವಾದ ವ್ಯಾಪ್ತಿ ಬರೆದಿರುವುದು ಆ ನಕ್ಷೆಯಲ್ಲಿ, ಪೆಟ್ಟಿಗೆಯ ಮೇಲಲ್ಲ.